ಕಡವೆ ‘ಕಂಡೆ’ ಎಂದು ಕೂಗಲು ಕಲಿತದ್ದು

ಲೋಕ ಇನ್ನೂ ಹಸಿಯಾಗಿತ್ತು. ಬೆಟ್ಟಗಳ ಮೈ ಗಟ್ಟಿಯಾಗಿರಲಿಲ್ಲ, ಹೊಳೆಗಳಿಗೆ ತಮ್ಮ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಬಿದಿರಿಗೂ ಗಾಳಿಗೂ ಮನುಷ್ಯರಿಗೂ ಒಂದೇ ಮಾತಿತ್ತು.

ಕಾಡಿನ ಜಿಂಕೆಗಳಲ್ಲೆಲ್ಲ ದೊಡ್ಡದು ಕಡವೆ. ಎತ್ತಿನಷ್ಟು ಎತ್ತರ, ಮರದ ಕೊಂಬೆಯಂಥ ಕೊಂಬು. ಆದರೆ ಆಗ ಅದು ಅಪಾಯ ಕಂಡರೂ ಕೂಗುತ್ತಿರಲಿಲ್ಲ. ಸುಮ್ಮನೆ ನೋಡುತ್ತಿತ್ತು, ಸುಮ್ಮನೆ ಮಾಯವಾಗುತ್ತಿತ್ತು. ತನ್ನನ್ನು ಅದು ಕಂಡಿತೋ ಇಲ್ಲವೋ ಎಂಬುದು ಹುಲಿಗೂ ತಿಳಿಯುತ್ತಿರಲಿಲ್ಲ.

ಬೆಟ್ಟದ ಬುಡದಲ್ಲಿ ಏಳು ಗುಡಿಸಲು. ಅದರಲ್ಲೊಂದು ಕೇತಿಯದು. ಅವಳ ಜೊತೆ ತಂಗಿ ಹೊನ್ನಿ ಇದ್ದಳು. ಹೊನ್ನಿ ಬಸುರಿ. ಅವಳ ಗಂಡ ಹೊಳೆಯ ಪಾಲಾಗಿದ್ದ.

ಆ ವರ್ಷ ಮಳೆ ನಿಲ್ಲಲೇ ಇಲ್ಲ. ಗೆಣಸು ನೆಲದೊಳಗೇ ಕೊಳೆಯಿತು. ಜೇನು ಹುಳ ಗೂಡು ಬಿಟ್ಟು ಹೋಯಿತು. ಏಳು ಗುಡಿಸಲಿನವರೂ ಸೊಪ್ಪು ಬೇಯಿಸಿಕೊಂಡು ತಿಂದರು.

ಗುಡಿಸಲುಗಳಿಗೆಲ್ಲ ಹಿರಿಯ, ಜಡೆಯ ಎಂಬ ಮಾವ, ಹೊನ್ನಿಯ ಕೈ ಹಿಡಿದು ನೋಡಿದ. ಮಣಿಕಟ್ಟು ಕಡ್ಡಿಯಾಗಿತ್ತು.

“ಇನ್ನು ಮೂರು ತಿಂಗಳಿಗೆ ಹೆರಿಗೆ. ಬರೀ ಸೊಪ್ಪು ತಿಂದರೆ ಇವಳ ಎದೇಲಿ ಹಾಲು ಬರಲ್ಲ ಕಣಮ್ಮಿ. ಮಾಂಸ ಬೇಕು.”

“ಮಾವ, ಬಿಲ್ಲಲ್ಲಿ ಕಡವೆ ಹೊಡೆಯೋಕಾಗಲ್ವಾ?” ಎಂದು ಕೇತಿ ಕೇಳಿದಳು.

ಜಡೆಯ ನಕ್ಕ. ಆ ಕಾಲದಲ್ಲಿ ಬಿಲ್ಲು ಇದ್ದದ್ದು ಪಾರಿವಾಳ ಹೊಡೆಯುವುದಕ್ಕೆ. “ನಿನ್ನ ಬಾಣದಲ್ಲಿ ಕಡವೆ ಹಲ್ಲಿಗೆ ಕಡ್ಡಿ ಆಡಿಸ್ಕೊಂಡು ಹೋಗುತ್ತೆ!”

ಕೇತಿಗೆ ಅಷ್ಟು ಸಾಕಾಯಿತು. ಕತ್ತಿ ಎತ್ತಿಕೊಂಡು ಬಿದಿರ ಮೆಳೆಗೆ ಹೋದಳು. ದಪ್ಪನೆಯ ಹಸಿ ಬಿದಿರು ಕಡಿದು, ಸೀಳಿ, ನಾರಿನ ಹೆದೆ ಕಟ್ಟಿ, ಸಂಜೆಯೊಳಗೆ ಆಳೆತ್ತರದ ಬಿಲ್ಲು ಮಾಡಿದಳು. ಬೆಳಗ್ಗೆ ನೋಡಿದರೆ ಅದು ಮುದುಕಿಯ ಬೆನ್ನಿನಂತೆ ಬಾಗಿ ಹಾಗೇ ನಿಂತುಬಿಟ್ಟಿತ್ತು. ಹೆದೆ ಬಿಚ್ಚಿದರೂ ನೆಟ್ಟಗಾಗಲಿಲ್ಲ.

ಬಿದಿರ ಮೆಳೆ ಕಿರ್ ಕಿರ್ ಎಂದು ನಕ್ಕಿತು. “ಹಸಿ ಕೂಸನ್ನ ಕೆಲಸಕ್ಕೆ ಕಳಿಸ್ತಾರೇನವ್ವ? ಬಲಿತದ್ದನ್ನ ಕಡಿ. ಒಲೆ ಮೇಲೆ ಕಟ್ಟು. ಒಂದು ತಿಂಗಳು ಹೊಗೆ ಕುಡೀಲಿ.”

“ನನ್ನ ಹತ್ರ ಮೂರೇ ತಿಂಗಳು ಇರೋದು.”

“ಹಾಗಾದ್ರೆ ಇವತ್ತೇ ಕಟ್ಟು.”

ಕೇತಿ ಅವತ್ತೇ ಕಟ್ಟಿದಳು. ಬಿದಿರು ಹೊಗೆ ಕುಡಿಯುವಷ್ಟು ದಿನ ಅವಳು ಬಾಣ ಕೆತ್ತಿದಳು. ಮೂಳೆ ಮಸೆದು ಮೊನೆ ಕಟ್ಟಿದಳು. ಕೈಯಲ್ಲಿ ಎಸೆದು ನೋಡಿದರೆ ಬಾಣ ಕುಡುಕನಂತೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ವಾಲಾಡಿತು.

ಮೇಲಿಂದ ಹದ್ದು ನೋಡಿತು. “ಬಾಲ ಇಲ್ದೆ ಹಾರೋಕೆ ಹೊರಟಿದೀಯಲ್ಲ, ನಿನ್ನ ಧೈರ್ಯಕ್ಕೆ ಏನು ಹೇಳಲಿ!” ಎಂದು ತನ್ನ ಹಳೆಯ ಗರಿಗಳನ್ನು ಉದುರಿಸಿತು. ಕೇತಿ ಒಂದೊಂದು ಬಾಣಕ್ಕೂ ಗರಿ ಕಟ್ಟಿದಳು.

ಎರಡನೆಯ ತಿಂಗಳು ಅವಳು ಹೊಗೆ ಕುಡಿದ ಬಿದಿರಿಗೆ ಹೆದೆ ಕಟ್ಟಿ, ಬರೀ ಹುಲ್ಲಿನ ಕಂತೆಗೆ ಹೊಡೆದಳು. ಬೆಳಗ್ಗೆ ಹೊಡೆದಳು, ಸಂಜೆ ಹೊಡೆದಳು. ಬೆರಳು ಸುಲಿದು ಹೋದಾಗ ಎಲೆ ಸುತ್ತಿಕೊಂಡು ಹೊಡೆದಳು. ಹತ್ತು ಹೆಜ್ಜೆಯಿಂದ ಬಾಣ ತಪ್ಪುತ್ತಿರಲಿಲ್ಲ. ಆಮೇಲೆ ಇಪ್ಪತ್ತು ಹೆಜ್ಜೆಯಿಂದಲೂ ತಪ್ಪಲಿಲ್ಲ. ಮೂವತ್ತು ಹೆಜ್ಜೆಗೆ ಹೋದರೆ ಮಾತ್ರ ಒಂದು ನಾಟುತ್ತಿತ್ತು, ಒಂದು ಪೊದೆ ಸೇರುತ್ತಿತ್ತು.

ಅವಳ ಕೂದಲಲ್ಲಿ ಆಡುತ್ತಿದ್ದ ಗಾಳಿ ಹೇಳಿತು: “ಇಪ್ಪತ್ತು ಹೆಜ್ಜೆ ನಿನ್ನ ಕೈಯದು. ಮೂವತ್ತು ಹೆಜ್ಜೆ ನಿನ್ನ ಹೆಮ್ಮೆಯದು. ಇನ್ನೊಂದು ಮಾತು. ನಾನು ಬೆನ್ನ ಹಿಂದೆ ಇದ್ದಾಗ ಕಡವೆ ಹತ್ತಿರ ಹೋಗಬೇಡ. ನಿನ್ನ ವಾಸನೆ ಹೇಳಿಬಿಡ್ತೀನಿ, ನನ್ನ ಬಾಯಿ ನಿಲ್ಲೋದಿಲ್ಲ. ನನ್ನ ಮುಖಕ್ಕೆ ಮುಖ ಕೊಟ್ಟು ನಡಿ.”

ಮೂರನೆಯ ತಿಂಗಳು ಹುಟ್ಟಿತು. ಕೇತಿ ಬಿಲ್ಲು ಹಿಡಿದು, ಗಾಳಿಗೆ ಮುಖ ಕೊಟ್ಟು ಕಾಡಿಗೆ ಹೋದಳು.

ಹೊಳೆಯ ಹತ್ತಿರ ದೊಡ್ಡ ಕೊಂಬಿನ ಕಡವೆ ನಿಂತಿತ್ತು. ಕೇತಿ ಕಣ್ಣಿನಲ್ಲೇ ಹೆಜ್ಜೆ ಎಣಿಸಿದಳು. ಮೂವತ್ತು. ಇನ್ನು ಹತ್ತು ಹೆಜ್ಜೆ ಮುಂದೆ ಹೋಗಬೇಕು. ಜಡೆಯನ ನಗು ಕಿವಿಯಲ್ಲಿತ್ತು, ಹೊನ್ನಿಯ ಮಣಿಕಟ್ಟು ಕಣ್ಣಲ್ಲಿತ್ತು. ಇದೊಂದು ಸಲ ಎಂದುಕೊಂಡು ಬಾಣ ಬಿಟ್ಟಳು.

ಬಾಣ ಕಡವೆಯ ಗಂಟಲ ಕೆಳಗಿನ ಚರ್ಮ ಸವರಿಕೊಂಡು ಹೋಯಿತು. ಕಡವೆ ಹಾರಿತು, ಓಡಿತು. ಎಲೆಗಳ ಮೇಲೆ ಕೆಂಪು ಹನಿಗಳು ಉಳಿದವು.

ಗಾಯ ಮಾಡಿದವಳು ಹಿಂದೆ ಹೋಗದೆ ಇರುತ್ತಾಳೆಯೇ? ಹನಿಯಿಂದ ಹನಿಗೆ ಕೇತಿ ನಡೆದಳು. ಮಧ್ಯಾಹ್ನ ದಾಟಿದ ಮೇಲೆ ಕಡವೆ ಸಿಕ್ಕಿತು. ಹೊಳೆಯ ಆಚೆ ದಡದಲ್ಲಿ, ನೀರಿಗೆ ಕುತ್ತಿಗೆ ಚಾಚಿ ನಿಂತಿತ್ತು. ನಡುವೆ ತುಂಬಿದ ಹೊಳೆ, ನಲವತ್ತು ಹೆಜ್ಜೆ. ಕೇತಿ ಬಿಲ್ಲು ನೆಲಕ್ಕಿಟ್ಟಳು.

“ತಪ್ಪು ನಂದು,” ಎಂದಳು. “ನನ್ನ ಕೈ ಇಪ್ಪತ್ತು ಹೆಜ್ಜೆವರೆಗೆ ಅಂತ ಗೊತ್ತಿತ್ತು. ಗೊತ್ತಿದ್ದೂ ಬಿಟ್ಟೆ. ಹೆಮ್ಮೆ.”

ಕಡವೆ ತಲೆ ಎತ್ತಿತು. “ನಾನೂ ನಿನ್ನನ್ನ ಆಗಲೇ ಕಂಡಿದ್ದೆ. ಅಲ್ಲಿಂದ ಯಾರು ಹೊಡೀತಾರೆ ಅಂತ ಸುಮ್ಮನೆ ನಿಂತಿದ್ದೆ. ನಂದೂ ಹೆಮ್ಮೆಯೇ.”

ಕಡವೆ ಎರಡು ಗುಟುಕು ನೀರು ಕುಡಿಯಿತು.

“ತಂಗಿ ಬಸುರಿ,” ಎಂದಳು ಕೇತಿ. “ನಾಳೆ ಮತ್ತೆ ಬರಲೇಬೇಕು ನಾನು.”

“ಬಾ. ಆದರೆ ಒಂದು ಮಾತು ಮಾಡಿಕೊಳ್ಳೋಣ. ಮೊದಲು ನಾನು ನಿನ್ನ ಕಂಡರೆ ಕಾಲು ಬಡಿದು ‘ಕಂಡೆ’ ಅಂತ ಕೂಗ್ತೀನಿ. ಆಗ ನೀನು ಬಿಲ್ಲು ಇಳಿಸಿ ಮನೆಗೆ ಹೋಗಬೇಕು. ನಾನು ನಿನ್ನ ಕಾಣದೆ ನಿನ್ನ ಇಪ್ಪತ್ತು ಹೆಜ್ಜೆಯೊಳಗೆ ಸಿಕ್ಕರೆ, ನನ್ನ ಮೈ ನಿಂದು. ಗಾಯ ಕೊಳೆತು ಸಾಯೋದಕ್ಕಿಂತ ಅದು ಮೇಲು.”

“ಆಯಿತು,” ಎಂದಳು ಕೇತಿ.

ಮರುದಿನ ಅವಳ ಕಾಲ ಕೆಳಗೆ ಒಣಗಿದ ಕಡ್ಡಿ ಮುರಿಯಿತು. ದಡ್! “ಕಂಡೆ!” ಕೇತಿ ಬಿಲ್ಲು ಇಳಿಸಿ ಮನೆಗೆ ಹೋದಳು.

ಅದರ ಮರುದಿನ ಕೈಬಳೆ ಕಿಣಿ ಎಂದಿತು. ದಡ್! “ಕಂಡೆ!” ಕೇತಿ ಬಿಲ್ಲು ಇಳಿಸಿ ಮನೆಗೆ ಹೋದಳು. ಬಳೆ ಬಿಚ್ಚಿಟ್ಟಳು.

ಇನ್ನೊಂದು ದಿನ ಗಾಳಿ ಇದ್ದಕ್ಕಿದ್ದಂತೆ ಬೆನ್ನ ಹಿಂದಕ್ಕೆ ತಿರುಗಿ ಎಲ್ಲವನ್ನೂ ಹೇಳಿಬಿಟ್ಟಿತು. “ನಾನು ಮೊದಲೇ ಹೇಳಿದ್ದೆನಲ್ಲ!” ಎಂದು ಅದೇ ಜಗಳಕ್ಕೂ ನಿಂತಿತು.

ಬೆಟ್ಟದ ಮೇಲಿನ ಕೂಗು ಏಳು ಗುಡಿಸಲಿಗೂ ಕೇಳುತ್ತಿತ್ತು. “ಓಹೋ, ಕೇತಿ ಸಿಕ್ಕಿಬಿದ್ದಳು! ಸೊಪ್ಪಿಗೆ ನೀರಿಡ್ರವ್ವ,” ಎಂದು ಜಡೆಯ ಕೂಗಿ ಹೇಳುತ್ತಿದ್ದ.

ಸೋತ ಪ್ರತಿ ದಿನವೂ ಕೇತಿ ಒಂದೊಂದು ಕಲಿತಳು. ಪಾದದ ಅಂಚಿನಲ್ಲಿ ನಡೆಯುವುದು ಕಲಿತಳು. ಕಡವೆ ತಲೆ ತಗ್ಗಿಸಿದಾಗ ಮಾತ್ರ ಹೆಜ್ಜೆ ಇಡುವುದು ಕಲಿತಳು. ಮೈಗೆ ಮಣ್ಣು ಬಳಿದುಕೊಳ್ಳುವುದು ಕಲಿತಳು. ಅವಳಿಗೆ ಗುರುವಿರಲಿಲ್ಲ. ಹಿಂದಿನ ದಿನದ ತಪ್ಪೇ ಅವಳ ಗುರು.

ಹೊನ್ನಿಗೆ ಹೆಣ್ಣು ಮಗು ಹುಟ್ಟಿತು. ಮಗು ಎದೆಗೆ ಬಾಯಿ ಹಾಕಿತು, ಎಳೆಯಿತು, ಅತ್ತಿತು. ಹಾಲಿಲ್ಲ. ಪಕ್ಕದ ಗುಡಿಸಲಿನ ಬಾಣಂತಿ ತನ್ನ ಮಗುವಿನ ಪಾಲಿನಲ್ಲಿ ಒಂದಿಷ್ಟು ಕುಡಿಸಿದಳು. ಅವಳ ಹತ್ತಿರವೂ ಎಷ್ಟಿದ್ದೀತು?

ಅವತ್ತು ಕೇತಿ ಹದಿನೈದು ಹೆಜ್ಜೆಯವರೆಗೆ ಹೋದಳು. ಬಿಲ್ಲು ಪೂರ್ತಿ ಬಾಗಿತ್ತು, ಗರಿ ಕೆನ್ನೆಗೆ ತಾಗಿತ್ತು. ಅಷ್ಟರಲ್ಲಿ ಕಡವೆಯ ಕಿವಿ ತಿರುಗಿತು.

ದಡ್! “ಕಂಡೆ!”

ಕಡವೆ ಓಡಲಿಲ್ಲ. ನಿಂತು ನೋಡಿತು. ಬೆರಳು ಸಡಿಲಿಸಿದರೆ ಸಾಕಿತ್ತು. ಕೇತಿಯ ಕಣ್ಣಲ್ಲಿ ನೀರು ಬಂತು. ಅವಳು ಬಿಲ್ಲು ಇಳಿಸಿದಳು.

ಪೊದೆಯೊಳಗಿಂದ ಹುಲಿ ತಲೆ ಹೊರಹಾಕಿತು. “ಹುಚ್ಚಿ! ಬಾಣ ಬಿಡಬಾರದಿತ್ತಾ?”

“ಮಾತು ಕೊಟ್ಟಿದೀನಿ.”

“ಮನೇಲಿ ಮಗು ಅಳ್ತಿದೆ.”

“ಅದಕ್ಕೇ ನಾಳೆ ಬರ್ತೀನಿ,” ಎಂದು ಕೇತಿ ನಡೆದಳು.

ದಾರಿಯಲ್ಲಿ ಅವಳಿಗೆ ಹೊಳೆಯಿತು. ತಾನು ಸಿಕ್ಕಿಬೀಳುತ್ತಿದ್ದದ್ದು ಹೆಜ್ಜೆ ಇಟ್ಟಾಗ, ಇಲ್ಲವೇ ಬಿಲ್ಲೆಳೆಯಲು ಕೈ ಎತ್ತಿದಾಗ. ಹಾಗಾದರೆ ಕೂತುಬಿಟ್ಟರೆ?

ಮರುದಿನ ಬೆಳಕು ಹರಿಯುವ ಹೊತ್ತಿಗೆ ಅವಳು ನೆಲ್ಲಿ ಮರದ ಎದುರಿನ ಪೊದೆಯಲ್ಲಿ ಕೂತಿದ್ದಳು. ಮುಖಕ್ಕೆ ಗಾಳಿ. ಬಾಣ ಹೆದೆಯ ಮೇಲಿತ್ತು. ಮರದ ಕೆಳಗೆ ನೆಲ್ಲಿಕಾಯಿ ಉದುರಿ ಬಿದ್ದಿದ್ದವು. ಇರುವೆ ಕಾಲಿಗೆ ಕಚ್ಚಿತು, ಅವಳು ಅಲುಗಲಿಲ್ಲ. ಸೊಳ್ಳೆ ರೆಪ್ಪೆಯ ಮೇಲೆ ಕೂತಿತು, ಅವಳು ಅಲುಗಲಿಲ್ಲ. ಒಂದು ಅಳಿಲು ಅವಳನ್ನು ಮರದ ಬೇರು ಎಂದುಕೊಂಡು ಮೊಣಕಾಲ ಮೇಲೆ ಹತ್ತಿ ಇಳಿಯಿತು.

ದೊಡ್ಡ ಕೊಂಬಿನ ಕಡವೆ ಬಂತು. ಜೊತೆಗೆ ಅದರ ಮಕ್ಕಳೂ ಇದ್ದವು. ನಿಂತಿತು, ಸುತ್ತ ನೋಡಿತು, ಕಿವಿ ತಿರುಗಿಸಿತು. ಕೂಗಲಿಲ್ಲ. ಹದಿನೆಂಟು ಹೆಜ್ಜೆಯಲ್ಲಿ ಪಕ್ಕೆ ತೋರಿಸಿ ನೆಲ್ಲಿಕಾಯಿಗೆ ತಲೆ ತಗ್ಗಿಸಿತು. ತಲೆ ಮರದ ಬುಡದ ಹಿಂದೆ ಮರೆಯಾದಾಗ ಕೇತಿ ಬಿಲ್ಲೆಳೆದಳು. ಮುಂಗಾಲು ಮುಂದೆ ಹೋಗಿ ಎದೆಯ ಪಕ್ಕ ತೆರೆದುಕೊಳ್ಳಲಿ ಎಂದು ಕಾದಳು. ಮುಂಗಾಲು ಮುಂದೆ ಹೋಯಿತು.

ಬಾಣ ಹೋದ ಸದ್ದು ಎಲೆ ಬಿದ್ದಷ್ಟೇ ಇತ್ತು.

ಕಡವೆ ಹತ್ತು ಮಾರು ನಡೆದು, ಮಲಗುವ ಹಸುವಿನಂತೆ ಮೊಣಕಾಲೂರಿತು. ಕೇತಿ ಓಡಿ ಹೋಗಿ ಅದನ್ನು ಬೆದರಿಸಲಿಲ್ಲ. ಅದು ತಲೆಯನ್ನು ನೆಲಕ್ಕಿಡುವವರೆಗೂ ಕಾದು, ಮೆಲ್ಲಗೆ ಬಂದು ಪಕ್ಕದಲ್ಲಿ ಕೂತಳು.

“ಕಾಣಲಿಲ್ಲ ಕಣೇ ಕೇತಿ,” ಎಂದಿತು ಕಡವೆ. ಅದರ ದನಿಯಲ್ಲಿ ಸಿಟ್ಟಿರಲಿಲ್ಲ, ಮೆಚ್ಚುಗೆಯಿತ್ತು. “ನನ್ನ ಮಕ್ಕಳು ಕೂಗ್ತಾರೆ. ನಿನ್ನ ಮಕ್ಕಳು ಬಿಲ್ಲು ಇಳಿಸಲಿ.”

“ಇಳಿಸ್ತಾರೆ,” ಎಂದು ಕೇತಿ ಅದರ ಹಣೆ ಮುಟ್ಟಿದಳು.

ಏಳು ಗುಡಿಸಲಿಗೂ ಪಾಲು ಹೋಯಿತು. ಮೊದಲ ಸಾರು ಹೊನ್ನಿಗೆ. ಎರಡು ದಿನ ಕಳೆಯಿತು. ಮೂರನೆಯ ದಿನ ಮಗು ಎಳೆಯಿತು, ನುಂಗಿತು, ಮತ್ತೆ ಎಳೆಯಿತು. ತುಟಿಯಂಚಿನಲ್ಲಿ ಬಿಳಿ ಹನಿ ಇಳಿಯಿತು. “ಅಕ್ಕಾ, ನೋಡೇ!” ಎಂದು ಹೊನ್ನಿ ಅತ್ತಳು.

ಜಡೆಯ ಹೊಟ್ಟೆ ತುಂಬಾ ಉಂಡು ಬಾಗಿಲಲ್ಲಿ ನಿಂತಿದ್ದ. ಕೇತಿ ಮುರಿದ ಬಾಣದ ಒಂದು ಚೂರನ್ನು ಅವನ ಕೈಗಿಟ್ಟಳು. “ತಗೋ ಮಾವ, ಹಲ್ಲು ಕಡ್ಡಿ.”

ಜಡೆಯ ಅದನ್ನು ಕಣ್ಣಿಗೊತ್ತಿಕೊಂಡ. “ನಾಳೆಯಿಂದ ನಂಗೂ ಕಲಿಸು ಕಣವ್ವ,” ಎಂದ.

ಕಡವೆಯ ಮಕ್ಕಳು ಮಾತು ಮರೆಯಲಿಲ್ಲ. ಅವುಗಳ ಮಕ್ಕಳೂ ಮರೆಯಲಿಲ್ಲ. ಆ ಕೂಗು ಕೇಳಿದರೆ ಹುಲಿಯೂ ಈಗ ನಿಟ್ಟುಸಿರುಬಿಟ್ಟು ಬೇರೆ ದಾರಿ ಹಿಡಿಯುತ್ತದೆ. ಕಂಡುಬಿಟ್ಟ ಮೇಲೆ ಕಾದು ಫಲವಿಲ್ಲವೆಂದು ಅದೂ ಕಲಿತಿದೆ. ಕಡವೆಯ ಗಂಟಲ ಕೆಳಗೆ ಒಮ್ಮೊಮ್ಮೆ ಕೂದಲುದುರಿ ಕೆಂಪಗೆ ಕಾಣುವ ಜಾಗ, ಅವತ್ತಿನ ಮೂವತ್ತು ಹೆಜ್ಜೆಯ ಗುರುತು.

ಅದಕ್ಕೇ ಮಗು, ನೀನು ಕಾಡಿನಂಚಿನಲ್ಲಿ ಎಷ್ಟೇ ಮೆಲ್ಲಗೆ ನಡೆದರೂ ಕಡವೆ ದಡ್ ಎಂದು ಕಾಲು ಬಡಿದು, ಬಾಲ ನಿಮಿರಿಸಿ, “ಕಂಡೆ!” ಎಂದು ಕೂಗುತ್ತದೆ: ಕೇತಿಗೆ ಕೊಟ್ಟ ಮಾತನ್ನು ಅದು ನಿನಗೂ ನಡೆಸಿಕೊಡುತ್ತಿದೆ.