ಪಾಯಸ ಕುಡಿದ ದಾಸವಾಳ

"ನನ್ನಷ್ಟು ಚೆನ್ನಾಗಿ ಗಿಡ ಸಾಕುವ ದೊರೆ ಭೂಮಿಯ ಮೇಲೆ ಇನ್ನೊಬ್ಬನಿದ್ದರೆ ಕರೆದುಕೊಂಡು ಬನ್ನಿ!" ಎಂದು ಬಿಳಿಗಲ್ಲಿನ ಬೊಮ್ಮಲಿಂಗ ನಾಯಕ ತುಂಬಿದ ಸಭೆಯಲ್ಲಿ ತೊಡೆ ತಟ್ಟಿದ.

ಯಾರೂ ಕರೆತರಲಿಲ್ಲ. ಅಂಥವನು ಇನ್ನೊಬ್ಬ ಇರುವುದಾದರೂ ಹೇಗೆ! ಅತ್ತೆ ಹಂಪವ್ವನಾಗತಿ ಕೊಟ್ಟ ದಾಸವಾಳದ ಕಡ್ಡಿಯನ್ನು ಅವನು ಕೈಯಾರೆ ನೆಟ್ಟು, ಬಿಸಿಲು ತಾಗದಂತೆ ರೇಷ್ಮೆಯ ಚಪ್ಪರ ಹಾಕಿಸಿದ್ದ. ಬುಡಕ್ಕೆ ದಿನವೂ ಹಾಲು, ಹಬ್ಬಕ್ಕೆ ಗಸಗಸೆ ಪಾಯಸ. "ಇದಕ್ಕೆ ಕತ್ತಿ ತಾಗಿಸಿದವನ ಮೀಸೆ ಬೋಳಿಸುತ್ತೇನೆ" ಎಂದು ಡಂಗುರ ಬೇರೆ. ಗಿಡ ಎಲೆ ಬಿಟ್ಟಿತು, ಮತ್ತಷ್ಟು ಎಲೆ ಬಿಟ್ಟಿತು, ಚಪ್ಪರಕ್ಕೆ ತಲೆ ಮುಟ್ಟಿಸಿತು. ಹೂ ಮಾತ್ರ ಒಂದೂ ಇಲ್ಲ.

ಅಷ್ಟರಲ್ಲಿ ಸಂಕ್ರಾಂತಿಯ ಎಳ್ಳುಬೆಲ್ಲದ ಜೊತೆ ಅತ್ತೆಯ ಮಾತೂ ಬಂತು: "ಯುಗಾದಿಗೆ ಬರುತ್ತೇನೆ. ಅಮ್ಮನವರ ಪೂಜೆಗೆ ನನ್ನ ಗಿಡದ ಹೂವೇ ಆಗಬೇಕು."

ಹುಲಿಗೂ ಹೆದರದ ನಾಯಕ ಅತ್ತೆಯ ಹೆಸರು ಕೇಳಿದರೆ ಬೆವರುತ್ತಿದ್ದ. ಆಸ್ಥಾನದ ಜಾಣ ಕೊಟ್ರಯ್ಯನನ್ನು ಕರೆಸಿದ. ಕೊಟ್ರಯ್ಯನದು ನಿಂಬೆಹಣ್ಣು ನಿಲ್ಲಿಸುವಂಥ ಮೀಸೆ.

"ಯುಗಾದಿಯೊಳಗೆ ಗಿಡ ಹೂ ಬಿಡುವಂತೆ ಮಾಡು. ಇಲ್ಲದಿದ್ದರೆ ನಿನ್ನ ಮೀಸೆ ಹೋಯಿತು."

"ಹಾಗಾದರೆ ಒಂದಿಷ್ಟು ಕೊಂಬೆ ಸವರಿ..."

"ಕತ್ತಿ ತಾಗಿಸಿದರೂ ಮೀಸೆ ಹೋಯಿತು!"

ಕೊಟ್ರಯ್ಯ ಮನೆಗೆ ಬಂದು ಮೀಸೆಗೆ ಎಣ್ಣೆ ಹಚ್ಚುತ್ತಾ ಕೂತ. ಇದೇ ಕೊನೆಯ ಎಣ್ಣೆಯೇನೋ ಎಂದು ಅವನಿಗೆ ನಿಜವಾಗಿಯೂ ಅಳು ಬಂತು.

"ಹೋದ್ರೆ ಹೋಗ್ಲಿ ಬಿಡ್ರಿ, ಅಂಬಲಿ ಅಂಟೋದಾದ್ರೂ ತಪ್ತದೆ" ಎಂದಳು ಹೆಂಡತಿ. ಆ ಮಾತಿಗೇ ಅವನಿಗೆ ರೋಷ ಬಂತು, ರೋಷದ ಹಿಂದೆಯೇ ಉಪಾಯವೂ ಬಂತು.

ಮರುದಿನ ಸಭೆಯಲ್ಲಿ ಕೈಮುಗಿದು ನಿಂತ. "ಪ್ರಭು, ಅರಮನೆಯಲ್ಲೊಬ್ಬ ಉಂಡಾಡಿ ಸೇರಿಕೊಂಡಿದ್ದಾನೆ. ಹಾಲು ಕುಡಿಯುತ್ತಾನೆ, ಪಾಯಸ ಕುಡಿಯುತ್ತಾನೆ, ನೆರಳು ಬಿಟ್ಟು ಕದಲುವುದಿಲ್ಲ. ತಲೆಯಂತೂ ಕಾಡಿನ ಹಾಗೆ ಬೆಳೆದಿದೆ. ಕವಡೆಯಷ್ಟೂ ಕೆಲಸವಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮೂಲೆಯಲ್ಲಿ ತೂಕಡಿಸುತ್ತಿದ್ದ ದೊರೆಯ ಭಾವಮೈದ ಚೆಲುವನಾಯಕ ದಿಗ್ಗನೆ ಎಚ್ಚೆತ್ತು, ಜುಟ್ಟನ್ನು ರುಮಾಲಿನೊಳಗೆ ತುರುಕಿಕೊಂಡ.

ದೊರೆ ಅದನ್ನು ನೋಡಿದ. ಮೂರು ವರ್ಷದಿಂದ ಬೀಡುಬಿಟ್ಟಿದ್ದ ಭಾವಮೈದನನ್ನು ಹೊರಗೆ ಹಾಕಲು ಇದಕ್ಕಿಂತ ಒಳ್ಳೆಯ ಸಮಯ ಸಿಕ್ಕೀತೇ?

"ಹೆಸರು ಹೇಳಲೇಬೇಡ, ನನಗೆ ಗೊತ್ತಾಯಿತು!" ದೊರೆ ಗುಡುಗಿದ. "ಹಾಲು ಪಾಯಸ ನಿಲ್ಲಿಸು! ನೆರಳು ಕಿತ್ತುಹಾಕಿ ಬಿಸಿಲಲ್ಲಿ ನಿಲ್ಲಿಸು! ಬೆಳೆದ ತಲೆಯನ್ನು ಅರ್ಧಕ್ಕೆ ಕತ್ತರಿಸು!"

"ಆಮೇಲೆ ತಮ್ಮ ಮನಸ್ಸು ಕರಗಿದರೆ?"

"ಕೊಟ್ಟ ತೀರ್ಪು ತಪ್ಪಿದರೆ ನನ್ನ ಮೀಸೆಯನ್ನೇ ಬೋಳಿಸು!"

ಚೆಲುವನಾಯಕ ಕೂತಲ್ಲೇ ಮೂರ್ಛೆ ಹೋದ. ಕೊಟ್ರಯ್ಯ ಅವನನ್ನು ದಾಟಿಕೊಂಡು ನೆಟ್ಟಗೆ ತೋಟಕ್ಕೆ ನಡೆದ.

ಸಂಜೆ ದೊರೆ ತೋಟಕ್ಕೆ ಬಂದರೆ ಚಪ್ಪರವಿಲ್ಲ, ಗಿಡ ಎದೆಯೆತ್ತರಕ್ಕೆ ಇಳಿದಿದೆ, ಬುಡದಲ್ಲಿ ಬರೀ ಕೊಟ್ಟಿಗೆ ಗೊಬ್ಬರ.

"ಯಾರೋ ಇದು ಮಾಡಿದ್ದು?"

"ಕೈ ನನ್ನದು, ತೀರ್ಪು ತಮ್ಮದು" ಎಂದ ಕೊಟ್ರಯ್ಯ. "ಹಾಲು ಪಾಯಸ ಕುಡಿದು, ನೆರಳಲ್ಲಿ ನಿಂತು, ತಲೆ ಬೆಳೆಸಿದ್ದು ಇವನೇ."

ದೊರೆ ಬಾಯಿ ತೆರೆದ. ಕೈ ತಾನಾಗಿ ತನ್ನ ಮೀಸೆಯ ಮೇಲೆ ಹೋಯಿತು. ಬಾಯಿ ಮುಚ್ಚಿದ.

ಬಿಸಿಲು ಬಿತ್ತು, ಮಣ್ಣು ಒಣಗಿದಾಗಷ್ಟೇ ನೀರು ಬಿತ್ತು. ಕತ್ತರಿಸಿದ ಕಡೆಯೆಲ್ಲ ಹೊಸ ಚಿಗುರು, ಚಿಗುರಿನ ತುದಿಗೆಲ್ಲ ಮೊಗ್ಗು. ಯುಗಾದಿಯ ಬೆಳಿಗ್ಗೆ ಗಿಡ ಕೆಂಪಗೆ ಅರಳಿ ನಿಂತಿತ್ತು. ಅತ್ತೆ ಬುಟ್ಟಿ ತುಂಬ ಹೂ ಕೊಯ್ದು, "ನನ್ನ ಅಳಿಯ ಜಾಣ!" ಎಂದು ಎಲ್ಲರೆದುರು ಬೆನ್ನು ತಟ್ಟಿದಳು.

ದೊರೆ ಉಬ್ಬಿಹೋದ. "ಕೊಟ್ರಯ್ಯ, ಇನ್ನು ನಿನಗೆ ಕೆಲಸವೇ ಬೇಡ! ಆ ರೇಷ್ಮೆ ಚಪ್ಪರ ಮತ್ತೆ ಹಾಕಿಸುತ್ತೇನೆ, ಅದರ ಕೆಳಗೆ ಕೂತು ಜೀವಮಾನವಿಡೀ ಹಾಲು ಪಾಯಸ ಕುಡಿ!"

ಕೊಟ್ರಯ್ಯ ಎರಡೂ ಕೈಯಲ್ಲಿ ಮೀಸೆ ಮುಚ್ಚಿಕೊಂಡು ಹಿಂದೆ ಸರಿದ.

"ಬೇಡ ಪ್ರಭು! ಅಲ್ಲಿ ಕೂತವರದು ಕೊನೆಗೆ ಏನು ಕತ್ತರಿಸುತ್ತಾರೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"