ಕಾಳು ಕೇಳದ ನಾಯಕ

ಮರುದಿನ ತನ್ನ ಸೀಮೆಗೆ ಹಿಂದಿರುಗಿ ಪಟ್ಟವೇರಬೇಕಿದ್ದ ಶಿಷ್ಯ ಮಾಚರಸ ಗುರುವನ್ನು ಕೇಳಿದ: "ನಮ್ಮ ಗುಡ್ಡದಲ್ಲಿ ಬೆಳ್ಳಿ ಸಿಕ್ಕಿದೆ. ಅದರಲ್ಲಿ ಅರ್ಧ ಕೊಟ್ಟರೆ ಕಡಲಾಚೆಯ ದೊರೆ ತನ್ನ ದಂಡನ್ನು ಕಾವಲಿಗೆ ಕಳಿಸುತ್ತಾನಂತೆ. ಒಪ್ಪಿಕೊಂಡರೆ ರಾಜ್ಯ ಗಟ್ಟಿಯಾಗುವುದಿಲ್ಲವೆ, ಗುರುಗಳೆ?"

ಗುರುಗಳು ಹೇಳಿದರು:

ಒಬ್ಬ ನಾಯಕನಿದ್ದ. ಅವನದು ಏಳು ಹಳ್ಳಿಗಳ ಪುಟ್ಟ ಸೀಮೆ. ಸುಗ್ಗಿ ಮುಗಿದೊಡನೆ ಹಳ್ಳಿಹಳ್ಳಿಗೆ ನಡೆದುಹೋಗಿ, ಕಟ್ಟೆಯ ಮೇಲೆ ಕುಳಿತು, ತನ್ನ ಪಾಲಿನ ಧಾನ್ಯ ಕೇಳುತ್ತಿದ್ದ. ಜನ ಸುಮ್ಮನೆ ಕೊಡುತ್ತಿರಲಿಲ್ಲ. ಕೆರೆಯ ಏರಿ ಬಿರಿದಿದೆ ಎನ್ನುತ್ತಿದ್ದರು. ನಿಮ್ಮ ಪಾರುಪತ್ಯಗಾರ ಲಂಚ ತಿನ್ನುತ್ತಾನೆ ಎನ್ನುತ್ತಿದ್ದರು. ನಾಯಕನಿಗೆ ಅದು ದೊಡ್ಡ ತಲೆನೋವು. ಏರಿ ಕಟ್ಟಿಸಿ, ಪಾರುಪತ್ಯಗಾರನನ್ನು ಬದಲಿಸಿ, ಆಮೇಲೆ ಧಾನ್ಯ ಒಯ್ಯುತ್ತಿದ್ದ.

ಹೀಗಿರುವಾಗ ಅವನ ಗುಡ್ಡದಲ್ಲೂ ಬೆಳ್ಳಿ ಸಿಕ್ಕಿತು. ಅರ್ಧ ಬೆಳ್ಳಿ ಕೊಡಲು ಅವನು ಒಪ್ಪಿದ, ಕಡಲಾಚೆಯ ದಂಡು ಬಂದು ಗುಡ್ಡಕ್ಕೂ ಕೋಟೆಗೂ ಕಾವಲು ನಿಂತಿತು. "ಇನ್ನು ನಿಮ್ಮಿಂದ ಒಂದು ಕಾಳೂ ಬೇಡ" ಎಂದು ನಾಯಕ ಡಂಗುರ ಹೊಡೆಸಿದ. ಜನ ಹರಸಿದರು. ಆ ವರ್ಷ ಅವನು ಹಳ್ಳಿಗಳಿಗೆ ಹೋಗಲಿಲ್ಲ. ಮರುವರ್ಷವೂ ಹೋಗಲಿಲ್ಲ. ಅಹವಾಲು ಹೇಳಲು ಬಂದವರ ಮಾತು ಬಾಗಿಲಲ್ಲಿದ್ದ ಸಿಪಾಯಿಗಳಿಗೆ ತಿಳಿಯದು. ಬಂದವರು ಹಾಗೆಯೇ ಹಿಂದಿರುಗಿದರು.

ವರ್ಷಗಳು ಕನಸಿನಂತೆ ಸರಿದವು. ಕೋಟೆಯ ಮೇಲಿನಿಂದ ನೋಡಿದರೆ ಹಳ್ಳಿಗಳು ಮಂಜಿನಲ್ಲಿ ತೇಲುತ್ತಿರುವಂತೆ ಕಾಣುತ್ತಿದ್ದವು. ಒಂದು ಕೂಗಿಲ್ಲ, ಒಂದು ದೂರಿಲ್ಲ. ಸೀಮೆ ಎಷ್ಟು ನೆಮ್ಮದಿಯಾಗಿದೆ ಎಂದುಕೊಂಡು ನಾಯಕ ಅಲ್ಲೇ ತೂಕಡಿಸುತ್ತಿದ್ದ.

ಒಂದು ಬೆಳಗ್ಗೆ ಅವನು ಎದ್ದಾಗ ದಂಡಿನ ಕಹಳೆ ಕೇಳಿಸಲಿಲ್ಲ. ಕಡಲಾಚೆಯ ದೊರೆಗೆ ತನ್ನ ನಾಡಿನಲ್ಲೇ ಯುದ್ಧ ಬಂದಿತ್ತು, ದಂಡನ್ನು ಕರೆಸಿಕೊಂಡಿದ್ದ. ಕೋಟೆಯ ಬಾಗಿಲು ತೆರೆದೇ ಇತ್ತು. ಬೆಳ್ಳಿಯ ಮೇಲೆ ಕಣ್ಣಿಟ್ಟಿದ್ದ ನೆರೆಯ ಅರಸನ ಕುದುರೆಗಳು ಆಗಲೇ ಕಣಿವೆಗೆ ಇಳಿದಿದ್ದವು.

ನಾಯಕ ಬರಿಗಾಲಿನಲ್ಲಿ ಹಳ್ಳಿಗೆ ಓಡಿದ. ಅಲ್ಲಿ ಮಂಜಿನೊಳಗೆ ಜನ ಸಾಲಾಗಿ ನಿಂತು, ಮಣ್ಣಿನ ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸುತ್ತ, ಕೆರೆಯ ಏರಿಯನ್ನು ತಾವೇ ಕಟ್ಟುತ್ತಿದ್ದರು.

"ಶತ್ರು ಬರುತ್ತಿದ್ದಾನೆ, ಕೋಟೆಗೆ ಬನ್ನಿ!" ಎಂದು ಕೂಗಿದ.

ಒಬ್ಬ ಹೆಂಗಸು ಬುಟ್ಟಿ ಇಳಿಸಿ ಅವನನ್ನು ದಿಟ್ಟಿಸಿದಳು. "ಯಾರಪ್ಪಾ ನೀನು?"

"ನಿಮ್ಮ ಒಡೆಯ. ಹನ್ನೆರಡು ವರ್ಷದಿಂದ ನಿಮ್ಮನ್ನು ಒಂದು ಕಾಳೂ ಕೇಳದವನು."

"ಹೌದೆ? ಕೇಳುವುದಕ್ಕಾದರೂ ಬಂದಿದ್ದರೆ ಗುರುತು ಸಿಗುತ್ತಿತ್ತು" ಎಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವನನ್ನು ಹೆದರಿಸಿತು. ಅವಳು ಅವನಿಗೆ ಕುಡಿಯಲು ನೀರು ಕೊಟ್ಟು ಮತ್ತೆ ಬುಟ್ಟಿ ಎತ್ತಿಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಕೋಟೆಯ ಮೇಲೆ ಬೇರೊಂದು ಬಾವುಟ ಹಾರಿತು. ಸಾಲಿನಲ್ಲಿದ್ದವರು ಒಮ್ಮೆ ತಲೆಯೆತ್ತಿ ನೋಡಿ, ಕೆಲಸ ಮುಂದುವರಿಸಿದರು.

ಕತೆ ಮುಗಿಯಿತು. ಮಾಚರಸ ಬಿಡಲಿಲ್ಲ. "ದಂಡು ಬೇಡವೆಂದು ಹೇಳಿ ಕಳಿಸುತ್ತೇನೆ, ಗುರುಗಳೆ. ಆದರೆ ನೆರೆಯವನು ನಾಳೆಯೇ ದಂಡೆತ್ತಿ ಬಂದರೆ?"

"ಬರಲಿ, ಆಗ ನಿನ್ನ ಪಕ್ಕದಲ್ಲಿ ಬಂದು ನಿಲ್ಲುವ ಒಬ್ಬ ರೈತನ ಹೆಸರು ಹೇಳು" ಎಂದರು ಗುರುಗಳು.

ಮರುದಿನ ಸೀಮೆ ತಲುಪಿದ ಮಾಚರಸ, ಪಟ್ಟವೇರುವ ಮೊದಲು ಒಂದು ಹಳ್ಳಿಯ ಕಟ್ಟೆಗೆ ಹೋಗಿ ಕುಳಿತು, ಅಲ್ಲಿದ್ದವರ ಹೆಸರು ಕೇಳಿದ.