ಮರಳೂರಿನ ಅರವಟ್ಟಿಗೆ

ಸೋಮನಾಥನ ದರ್ಶನ ಮುಗಿಸಿ ಕೇದಾರದ ದಾರಿ ಹಿಡಿದಿದ್ದ ವಿರುಪಯ್ಯ ಅಜ್ಜನವರ ಕಾಲು, ಮರುಭೂಮಿಯ ಒಂದು ಸಣ್ಣ ಊರಿನಲ್ಲಿ ಬಾತುಕೊಂಡಿತು.

ಮುಂದೆ ನಡೆಯುವುದಾಗಲಿಲ್ಲ. ಶಿವ ಕೂರಿಸಿದಲ್ಲಿ ಕೂರಬೇಕು. ಊರ ಬಾಗಿಲ ಬಳಿ ದಾರಿಹೋಕರಿಗೆ ನೀರು ಕೊಡುವ ಒಂದು ಅರವಟ್ಟಿಗೆ ಇತ್ತು. ಅದರ ನೆರಳಲ್ಲಿ ಕುಳಿತರು.

ಜೊತೆಗಿದ್ದವನು ಒಬ್ಬನೇ ಶಿಷ್ಯ, ಸಂಗಯ್ಯ. ಕೃಷ್ಣಾ ತೀರದ ಆಶ್ರಮದಲ್ಲಿ ಹನ್ನೊಂದು ವರ್ಷ ಸೇವೆ ಮಾಡಿದವನು.

ಅವನ ಕಾಲು ಗಟ್ಟಿಯಾಗಿತ್ತು. ಮನಸ್ಸು ದಣಿದಿತ್ತು.

"ಅಜ್ಜಾರ, ಒಂದು ಮಾತು ಹೇಳ್ತೀನಿ. ಸಿಟ್ಟಾಗಬ್ಯಾಡ್ರಿ."

"ಸಿಟ್ಟಾಗೋ ಅಷ್ಟು ಕಸುವಿಲ್ಲ. ಹೇಳು."

"ಎಷ್ಟು ಗುಡಿ ನೋಡಿದ್ವಿ, ಎಷ್ಟು ಹೊಳಿ ಮಿಂದ್ವಿ. ನನ್ನ ಎದಿಯಾಗ ಏನೂ ಅಲ್ಲಾಡವಲ್ದು. ಪೂಜಿಗೆ ಕುಂತರ ಕೈ ಪೂಜಿ ಮಾಡ್ತೈತಿ, ನಾ ಮತ್ತೆಲ್ಲೋ ಇರ್ತೀನಿ. ಸಾಕಾಗೇತ್ರಿ. ಈ ಊರಾಗೂ ಹಿಂಗ ಆದ್ರ, ಜೋಳಿಗಿ ನಿಮ್ಮ ಪಾದಕ್ಕಿಟ್ಟು ಮನಿಗೆ ಹೋಗಿಬಿಡ್ತೀನಿ."

ಅಜ್ಜ ಬಾತ ಕಾಲನ್ನು ನೆರಳಿಗೆ ಎಳೆದುಕೊಂಡರು.

"ಬಸ್ಸು ಇನ್ನ ನಾಕನೇ ದಿನಕ್ಕಂತ. ಅಲ್ಲೀತನಕ ಊರು ನೋಡು," ಎಂದರು.

ಅರವಟ್ಟಿಗೆ ನಡೆಸುತ್ತಿದ್ದವಳು ಧಾಪೂಬಾಯಿ ಎಂಬ ಮುದುಕಿ. ಅಜ್ಜನಿಗೆ ಹಳೆಯ ಯಾತ್ರೆಗಳಿಂದ ಆ ಸೀಮೆಯ ಮಾತು ಒಂದಿಷ್ಟು ಬರುತ್ತಿತ್ತು. ಇಲ್ಲಿ ನೋಡುವಂಥದ್ದು ಏನೇನಿದೆ ಎಂದು ಅವಳನ್ನೇ ಕೇಳಿದರು.

"ಗುಡ್ಡದ ಮೇಲೆ ಕೋಟೆ ಇದೆ. ಆಚೆಗೆ ಮರಳ ದಿಬ್ಬ. ಇನ್ನೂ ಆಚೆ ಕಲ್ಲಾಗಿ ಬಿದ್ದಿರುವ ಮರಗಳಿವೆಯಂತೆ," ಎಂದಳು. "ನಾನು ಒಂದನ್ನೂ ನೋಡಿಲ್ಲ, ಬಾಬಾ. ನನ್ನ ಕೊಡ ಬಿಟ್ಟರೆ ತಾನೇ?"

ಮೊದಲ ದಿನ ಸಂಗಯ್ಯ ಕೋಟೆ ಹತ್ತಿದ. ಆನೆ ಗುದ್ದದಿರಲೆಂದು ಬಾಗಿಲಿಗೆ ಮೊಳದುದ್ದದ ಮೊಳೆ ಬಡಿದಿದ್ದರು. ಒಳಗೆ ಪಾರಿವಾಳಗಳ ಹೊರತು ಯಾರೂ ಇರಲಿಲ್ಲ.

"ಹೆಂಗಿತ್ತು ಕೋಟಿ?"

"ದೊಡ್ಡದಿತ್ರಿ."

"ಮತ್ತ?"

"ಅಷ್ಟ."

ಎರಡನೆಯ ದಿನ ಮರಳ ದಿಬ್ಬಕ್ಕೆ ಹೋದ. ಇಟ್ಟ ಹೆಜ್ಜೆಯನ್ನು ಗಾಳಿ ಹಿಂದಿನಿಂದಲೇ ಅಳಿಸುತ್ತಿತ್ತು. ಸಂಜೆ ಕುಂಟುತ್ತ ಬಂದು ಕುಳಿತ.

"ಮರಳು ಹೆಂಗಿತ್ತು?"

"ಚಪ್ಪಲ್ಯಾಗ ತುಂಬೇತ್ರಿ."

"ಎಲ್ಲೋ ಒಂದು ಕಡಿ ತುಂಬಿತಲ್ಲ, ಬಿಡು," ಎಂದರು ಅಜ್ಜ.

ಸಂಗಯ್ಯನಿಗೆ ನಗಲೂ ಬೇಸರವಾಗಿತ್ತು.

ಮೂರನೆಯ ದಿನ ಕಲ್ಲಾದ ಮರಗಳನ್ನು ನೋಡಲು ನಸುಕಿಗೇ ಹೊರಟ. ತಿರುಗಿ ಬಂದಾಗ ಮಧ್ಯಾಹ್ನ. ಪೂಜೆ ಆಗಿರಲಿಲ್ಲ, ಆದ್ದರಿಂದ ಊಟವೂ ಆಗಿರಲಿಲ್ಲ. ಅರವಟ್ಟಿಗೆಯಲ್ಲಿ ಧಾಪೂಬಾಯಿ ತೂಕಡಿಸುತ್ತಿದ್ದಳು. ಅಜ್ಜನಿಗೂ ಮಂಪರು. ಎರಡು ಕೊಡಗಳಲ್ಲಿ ಒಂದು ಖಾಲಿ, ಒಂದು ತುಂಬಿತ್ತು.

ತುಂಬಿದ ಕೊಡವನ್ನು ಗೋಡೆಯ ಮರೆಗೆ ಒಯ್ದ. ಹೊಳೆಯ ದಂಡೆಯಲ್ಲಿ ಹೇಗೋ ಇಲ್ಲೂ ಹಾಗೆಯೇ. ಕೈಕಾಲು ಮುಖ ತೊಳೆದ. ಮೈಮೇಲೆ ನಾಲ್ಕು ಚೊಂಬು ಸುರಿದುಕೊಂಡ. ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಸಣ್ಣ ಧಾರೆಯಿಂದ ಮಜ್ಜನ ಮಾಡಿಸಿದ. ಪೂಜೆಗೆ ಮುಟ್ಟಿದ ನೀರು ಬೇರೆ ಬಳಕೆಗೆ ಬರಬಾರದು ಎಂಬುದು ಆಶ್ರಮದ ಪದ್ಧತಿ. ಉಳಿದದ್ದನ್ನು ಒಂದು ಮುಳ್ಳುಗಿಡದ ಬುಡಕ್ಕೆ ಸುರಿದ.

ಧಾಪೂಬಾಯಿ ಎದ್ದು ನೋಡಿದಳು. ಕೊಡ ಬಗ್ಗಿಸಿದಳು. ಒಂದು ಹನಿಯೂ ಬೀಳಲಿಲ್ಲ. ಸಿಂಬಿಯನ್ನು ತಲೆಗಿಟ್ಟು, ಕೊಡ ಹೊತ್ತು ಬಿಸಿಲಿಗಿಳಿದಳು.

ಅಜ್ಜ ಗೋಡೆ ಹಿಡಿದು ಎದ್ದರು. ಇನ್ನೊಂದು ಖಾಲಿ ಕೊಡ ಎತ್ತಿಕೊಂಡು ಅವಳ ಹಿಂದೆ ಕುಂಟತೊಡಗಿದರು.

"ಅಜ್ಜಾರ! ಎಲ್ಲಿಗ್ರಿ?"

"ನೀರಿಗೆ."

"ಈ ಕಾಲಿನಾಗ?"

"ಕೊಡ ಹೊರೋದು ತಲಿ, ಕಾಲಲ್ಲ."

ಸಂಗಯ್ಯ ಓಡಿಹೋಗಿ ಕೊಡ ಕಸಿದುಕೊಂಡ. ಆಗ ಅವನಿಗೆ ತಾನು ಸುರಿದದ್ದು ಏನೆಂದು ಹೊಳೆಯಿತು. ಮುಖ ಬಾಡಿತು.

"ತಪ್ಪಾತೇನ್ರಿ ಅಜ್ಜಾರ? ದೇವರಿಗೇ ಅಲ್ರಿ ಹಾಕಿದ್ದು?"

"ನನ್ನ ಕೇಳಬ್ಯಾಡ. ಹಾದಿ ಕೇಳು."

ಅಜ್ಜ ನೆರಳಿಗೆ ಮರಳಿದರು, ಸಂಗಯ್ಯ ಧಾಪೂಬಾಯಿಯ ಹಿಂದೆ ನಡೆದ. ಹಾದಿ ಅರ್ಧ ಹರದಾರಿ ಇತ್ತು. ಮರದ ನೆರಳೆಂಬುದೇ ಇಲ್ಲ. ಕೊನೆಯಲ್ಲಿ ನೆಲದೊಳಕ್ಕೆ ಇಳಿಯುವ ಒಂದು ಮೆಟ್ಟಿಲ ಬಾವಿ. ಯಾವ ಕಾಲದ ರಾಣಿ ಕಟ್ಟಿಸಿದ್ದೋ, ಗೋಡೆಯ ತುಂಬ ಆನೆಗಳ ಸಾಲು, ಕಂಬ ಕಂಬಕ್ಕೂ ಹೂಬಳ್ಳಿ. ಊರಿನಲ್ಲಿ ನೋಡಬೇಕಾದದ್ದು ನಿಜಕ್ಕೂ ಅದೇ. ಸಂಗಯ್ಯ ನೋಡಲಿಲ್ಲ. ಅವನ ಕಣ್ಣು ತಳದಲ್ಲಿದ್ದ ಅಂಗಳದಷ್ಟೇ ಅಗಲದ ನೀರಿನ ಮೇಲಿತ್ತು.

ತುಂಬಿದ ಕೊಡ ತಲೆಯ ಮೇಲೆ ನಿಲ್ಲಲೊಲ್ಲದು. ಹೆಗಲ ಮೇಲೂ ನೀರು, ಗಡ್ಡದ ಮೇಲೂ ನೀರು. ಧಾಪೂಬಾಯಿ ಮೆಟ್ಟಿಲ ಮೇಲೆ ಕುಳಿತು ನಕ್ಕಳು.

"ಅಯ್ಯೋ ಬಾಬಾನ ಚೇಲಾ, ಹೆಂಗಸರು ಏಳು ವರ್ಷಕ್ಕೇ ಕಲಿಯುವುದನ್ನು ನೀನು ಗಡ್ಡ ಬಂದ ಮೇಲೆ ಕಲಿಯುತ್ತಿದ್ದೀಯಲ್ಲ!"

ಸಂಗಯ್ಯನಿಗೆ ಮಾತು ಅರ್ಧ ತಿಳಿಯಿತು, ನಗು ಪೂರ್ತಿ ತಿಳಿಯಿತು. ಅವಳು ಅವನ ಹೆಗಲ ವಸ್ತ್ರವನ್ನೇ ಸುತ್ತಿ ಸಿಂಬಿ ಮಾಡಿ ಕೊಟ್ಟಳು.

ಹಿಂತಿರುಗಿದಾಗ ಅರವಟ್ಟಿಗೆಯ ಮುಂದೆ ಒಂಟೆ ಕಾಯುವವನೊಬ್ಬ ಕುಳಿತಿದ್ದ. ತುಟಿ ಒಡೆದಿತ್ತು. ಪಕ್ಕದಲ್ಲಿ ಅಜ್ಜ ಬರಿಗೈಯಲ್ಲಿ ಕುಳಿತಿದ್ದರು. ಎದ್ದು ನಿಲ್ಲುವ ಶಕ್ತಿಯೂ ಅವನಿಗಿರಲಿಲ್ಲ.

ಧಾಪೂಬಾಯಿ ಕೊಡ ಇಳಿಸುವ ಮೊದಲೇ ಸಂಗಯ್ಯ ಉದ್ದ ಮೂತಿಯ ಗಿಂಡಿಯನ್ನು ಎತ್ತಿಕೊಂಡು ತುಂಬಿದ. ಅವಸರದಲ್ಲಿ ಸುರಿದ. ನೀರು ಆ ಮನುಷ್ಯನ ಮೂಗಿಗೇರಿ ಕೆಮ್ಮು ಬಂತು.

"ಸಣ್ಣ ಧಾರಿ ಬಿಡು," ಎಂದರು ಅಜ್ಜ. "ಮಜ್ಜನಕ್ಕ ಹೆಂಗ ಬಿಡ್ತಿ, ಹಂಗ."

ಸಂಗಯ್ಯ ಗಿಂಡಿ ಬಾಗಿಸಿದ. ಬೊಗಸೆ ತುಂಬಿತು, ಬರಿದಾಯಿತು, ಮತ್ತೆ ತುಂಬಿತು. ಒಂಟೆಯವನು ಕಣ್ಣು ಮುಚ್ಚಿ ಕುಡಿಯುತ್ತಿದ್ದ. ಅಷ್ಟು ಹೊತ್ತೂ ಸಂಗಯ್ಯನ ಮನಸ್ಸು ಬೇರೆಲ್ಲಿಗೂ ಹೋಗಲಿಲ್ಲ.

ಕಲ್ಲಾದ ಮರ ಹೇಗಿತ್ತೆಂದು ಸಂಜೆ ಅಜ್ಜ ಕೇಳಲಿಲ್ಲ. ಅವನೂ ಹೇಳಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಜೋಳಿಗೆ ಅಜ್ಜನ ಪಾದದ ಬಳಿ ಇತ್ತು. ಬೆಳಗಿನ ಪೂಜೆಯಲ್ಲಿ ಮನಸ್ಸು ಮತ್ತೆಲ್ಲೋ ಇತ್ತು; ಆಡಿದ ಮಾತಿನಂತೆ ಅವನು ನಡೆದುಕೊಂಡಿದ್ದ.

ಧೂಳೆಬ್ಬಿಸುತ್ತ ಬಸ್ಸು ಬಂತು. ಜನ ಇಳಿದರು. ತುಂಬು ಬಸುರಿಯೊಬ್ಬಳು ಸೀದಾ ಅರವಟ್ಟಿಗೆಗೆ ಬಂದು ಬೊಗಸೆ ಒಡ್ಡಿದಳು. ಧಾಪೂಬಾಯಿ ನೀರಿಗೆ ಹೋದವಳು ಇನ್ನೂ ಬಂದಿರಲಿಲ್ಲ. ಸಂಗಯ್ಯ ಗಿಂಡಿ ತೆಗೆದುಕೊಂಡು ನೀರು ಬಿಡತೊಡಗಿದ.

"ಓ ಸಾಧು ಮಹಾರಾಜ್! ಬರ್ತೀಯೋ, ಬಿಟ್ಟು ಹೋಗಲೋ?" ಕಂಡಕ್ಟರ್ ಬಾಗಿಲಿಗೆ ಬಡಿದು ಕೂಗಿದ.

ಸಂಗಯ್ಯ ಗಿಂಡಿ ಹಿಡಿದೇ ಅಜ್ಜನ ಕಡೆ ತಿರುಗಿದ. ಕಣ್ಣು ತುಂಬಿತ್ತು.

"ಅಜ್ಜಾರ, ಹೋಗಲ್ಯೋ, ಇರಲ್ಯೋ?"

ಅಜ್ಜ ಬಾತ ಕಾಲನ್ನು ನೀವಿಕೊಳ್ಳುತ್ತ ಅಂದರು:

"ನನ್ನ ಮುಖ ಯಾಕ ನೋಡ್ತಿ? ಆ ತಾಯಿ ಕೈ ನೋಡು. ನೀರು ಚೆಲ್ಲಾಕ ಹತ್ತೇತಿ."